ಬೆನ್ನಿನ ಗಾಳಿ, ಒದ್ದೆ ರನ್‌ವೇ, ಮತ್ತು 166 ಮೀಟರ್

ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆ ಕಡೆ ಮಳೆ ಹಿಡಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಇವತ್ತು ಫ್ಲೈಟ್ ಇಳೀತದಾ?" ಗುಡ್ಡದ ತಲೆ ಸಮತಟ್ಟು ಮಾಡಿ ಕಟ್ಟಿದ ರನ್‌ವೇ ನಮ್ಮದು, ತುದಿ ದಾಟಿದರೆ ಕಣಿವೆ. ಹಾಗಾಗಿ ಎಲ್ಲೋ ವಿಮಾನ ರನ್‌ವೇ ಮೀರಿತು ಅಂದರೆ ನಾವು ಆ ಸುದ್ದಿಯನ್ನು ಪೂರ್ತಿ ಓದುತ್ತೇವೆ.

ನಾನು ಹಾಗೆ ಓದುತ್ತಾ ಕೂತದ್ದು ಕೆನಡಾದ ಹ್ಯಾಲಿಫ್ಯಾಕ್ಸ್ ಅಪಘಾತದ ಬಗ್ಗೆ. 2018ರ ನವೆಂಬರ್ 7, ಬೆಳಗಿನ ಜಾವ ಐದು ಗಂಟೆ. ಷಿಕಾಗೋದಿಂದ ಬಂದ ಬೋಯಿಂಗ್ 747 ಸರಕು ವಿಮಾನದ ಹೊಟ್ಟೆ ಖಾಲಿ. ಅಲ್ಲಿ ಜೀವಂತ ಲಾಬ್‌ಸ್ಟರ್ ತುಂಬಿಕೊಂಡು ಚೀನಾಕ್ಕೆ ಹೋಗಬೇಕಿತ್ತು. ಮೀನಿನ ಮಾಲಿಗೆ ಗಂಟೆ ಗಂಟೆಗೂ ಬೆಲೆ ಅಂತ ಮಲ್ಪೆಯವರಿಗೆ ಹೇಳಬೇಕಾ? ಆದರೆ ಎಡವಟ್ಟು ಶುರುವಾದದ್ದು ಒಂದು ಕಾಗದದಿಂದ.

ಅಲ್ಲಿ 3 ಕಿಲೋಮೀಟರ್ ಮೀರಿದ ಉದ್ದದ ರನ್‌ವೇ ಇತ್ತು. ಪೈಲಟ್‌ಗಳಿಗೆ ಕೊಡುವ ನೋಟಮ್ ಎಂಬ ಸೂಚನೆಗಳನ್ನು ಬರೆದ ರೀತಿ ಎಷ್ಟು ಗೋಜಲಾಗಿತ್ತೆಂದರೆ, ಅದು ಬಂದ್ ಅಂತಲೇ ಅವರು ತಿಳಿದರು. ಚಿಕ್ಕದನ್ನು ಆರಿಸಿದರು. ಸುಮಾರು 2,350 ಮೀಟರ್, ನಮ್ಮ ಬಜ್ಪೆಯದ್ದಕ್ಕಿಂತ ನೂರು ಮೀಟರ್ ಕಡಿಮೆ. ನೆಲ ಒದ್ದೆ. ಗಾಳಿ ಹಿಂದಿನಿಂದ ತಳ್ಳುತ್ತಿದೆ ಅಂತ ಗೊತ್ತಾಗುವಾಗ ಇಳಿಯಲು ಒಂದೂವರೆ ನಿಮಿಷವೂ ಉಳಿದಿರಲಿಲ್ಲ. ಮೈ ನಿದ್ದೆ ಕೇಳುವ ಹೊತ್ತು ಬೇರೆ.

ಚಕ್ರ ನೆಲ ಮುಟ್ಟಿದ ಮೇಲೆ ಒಂದು ಇಂಜಿನ್ನಿನ ಲಿವರ್ ಗೊತ್ತಿಲ್ಲದೆ ಮುಂದಕ್ಕೆ ಸರಿಯಿತು. ಇಷ್ಟೇ. ಪೈಲಟ್ ಮತ್ತೆ ಮೇಲೇರುತ್ತಿದ್ದಾನೆ ಅನ್ನುವ ಲೆಕ್ಕದಲ್ಲಿ ರೆಕ್ಕೆಯ ಮೇಲೆ ಎದ್ದಿದ್ದ ಗಾಳಿ ತಡೆಯುವ ಹಲಗೆಗಳು ಮಲಗಿದವು, ತಾನಾಗಿ ಹಿಡಿಯುವ ಬ್ರೇಕ್ ಬಿಟ್ಟುಕೊಂಡಿತು. ವಿಮಾನ ಪಕ್ಕಕ್ಕೆ ಜಾರುತ್ತಿದ್ದುದರಿಂದ ಪೈಲಟ್‌ಗಳ ಗಮನ ಅತ್ತ ಇತ್ತು. ತುದಿ ದಾಟಿ, ಆಂಟೆನಾ ಮುರಿದು, 166 ಮೀಟರ್ ಆಚೆ ನಿಂತಿತು. ಒಳಗಿದ್ದ ನಾಲ್ವರೂ ಬದುಕಿದರು. ಮೂವರಿಗೆ ಸಣ್ಣ ಗಾಯ.

ನಮ್ಮ 2010ರ ಮೇ 22 ಕೂಡ ಬೆಳಗಿನ ಹೊತ್ತೇ, ಆರು ದಾಟಿತ್ತಷ್ಟೆ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಜಾಸ್ತಿ ನಿದ್ದೆ ಮಾಡಿದ್ದರು. ರಾಡಾರ್ ಕೆಟ್ಟಿದ್ದರಿಂದ ಕೆಳಗಿಳಿಯಲು ಅನುಮತಿ ತಡವಾಯಿತು, ವಿಮಾನ ತೀರಾ ಎತ್ತರದಲ್ಲಿತ್ತು. ಪಕ್ಕದ ಪೈಲಟ್ ಇಳಿಸುವುದು ಬೇಡ, ಮತ್ತೆ ಮೇಲೇರೋಣ ಅಂತ ಮೂರು ಸಲ ಹೇಳಿದರು. 2,450 ಮೀಟರ್ ರನ್‌ವೇಯಲ್ಲಿ ಹೆಚ್ಚುಕಡಿಮೆ 1,600 ಮೀಟರ್ ಕಳೆದ ಮೇಲೆ ಚಕ್ರ ನೆಲಕ್ಕೆ ಊರಿತು. 90 ಮೀಟರ್ ಮರಳಿನ ಹಾಸೂ ಹಿಡಿದು ನಿಲ್ಲಿಸಲಿಲ್ಲ. ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿದು ವಿಮಾನ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು ಎಂಟು.

ತಪ್ಪು ಪೈಲಟ್‌ದಾ ಅಂತ ಕೇಳಿದರೆ ಹೌದು ಅನ್ನಬಹುದು, ಎರಡೂ ಕಡೆ. ಆದರೆ ಸುಮ್ನೆ ಅಷ್ಟಕ್ಕೇ ಬಿಡುವುದು ನನಗೆ ಸರಿ ಕಾಣುವುದಿಲ್ಲ. 1981ರ ಆಗಸ್ಟ್‌ನಲ್ಲೂ ಇದೇ ಬಜ್ಪೆಯ ಹಳೇ ರನ್‌ವೇಯಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನ ತುದಿ ದಾಟಿ, ಅಂಚಿನಾಚೆಗೇ ನಿಂತಿತ್ತು. ಯಾರೂ ಸಾಯಲಿಲ್ಲ, ಹಾಗಾಗಿ ಮರೆತೆವು, ಅಲ್ವಾ? ಹ್ಯಾಲಿಫ್ಯಾಕ್ಸ್‌ನಲ್ಲಿ ತುದಿಯಾಚೆ ಉರುಳುವಷ್ಟು ನೆಲವಿತ್ತು. ಅದೇ 166 ಮೀಟರ್ ಇಲ್ಲಾಗಿದ್ದರೆ ಎಲ್ಲಿಗೆ ಮುಟ್ಟುತ್ತಿತ್ತು ಅಂತ 2010ರಲ್ಲಿ ವಿಮಾನ ಬಿದ್ದ ಊರು ಕೆಂಜಾರಿನವರನ್ನು ಕೇಳಬೇಕು.