ಮಿಡಿಯುವ ಹೃದಯದ ಎದುರು ಸಾವಿನ ಪಾಠ

ಅಂಗಾಂಗ ಕಸಿಯ ಪಾಠವನ್ನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಶಸ್ತ್ರಚಿಕಿತ್ಸೆಯ ಕಡೆಯಿಂದ ಆರಂಭಿಸುವುದುಂಟು. 1954ರಲ್ಲಿ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ತಂಡವು ತದ್ರೂಪಿ ಅವಳಿಗಳ ನಡುವೆ ನಡೆಸಿದ ಮೂತ್ರಪಿಂಡ ಕಸಿ, ಅವಳಿಗಳಲ್ಲದವರ ದೇಹ ಪರರ ಅಂಗವನ್ನು ತಿರಸ್ಕರಿಸುವ ಬಗೆ, ಅದನ್ನು ತಡೆಯುವ ಔಷಧಗಳು ಎಲ್ಲವೂ ಬೇಕಾದವೇ. ಆದರೆ ಈ ಪಾಠದ ಕಠಿಣ ಭಾಗವಿರುವುದು ಐಸಿಯುವಿನಲ್ಲಿ: ಮೈ ಬೆಚ್ಚಗಿದ್ದು, ವೆಂಟಿಲೇಟರಿನ ಗಾಳಿಗೆ ಎದೆ ಏರಿಳಿಯುತ್ತಿದ್ದರೂ, ಅಂಗದಾನಿಯಾಗಬಹುದಾದ ಈ ವ್ಯಕ್ತಿ ಮಿದುಳಿನ ಸಾವಿನಿಂದ ಸತ್ತಿದ್ದಾನೆ ಎಂಬುದನ್ನು ಇನ್ನೊಬ್ಬರಿಗೆ ಹೇಳುವ ಮೊದಲು ವಿದ್ಯಾರ್ಥಿ ತಾನೇ ಮನಗಾಣಬೇಕು.

ಹೃದಯಕ್ಕೆ ತನ್ನದೇ ಆದ ಮಿಡಿತದ ಗಂಟು ಇದೆ, ಆಮ್ಲಜನಕ ಸಿಗುವವರೆಗೆ ಅದು ಮಿದುಳಿನ ಅಪ್ಪಣೆಗೆ ಕಾಯದೆ ಬಡಿಯುತ್ತದೆ ಎಂದು ಶರೀರಕ್ರಿಯಾಶಾಸ್ತ್ರದ ಮೊದಲ ಪಾಠಗಳಲ್ಲೇ ಓದಿದ್ದರೂ, ಹಾಸಿಗೆಯ ಪಕ್ಕದಲ್ಲಿ ಆ ಓದು ನೆನಪಿಗೆ ಬರುವುದಿಲ್ಲ. ಆದ್ದರಿಂದ ಉಸಿರಾಟದ ಪರೀಕ್ಷೆಯನ್ನು ಕಣ್ಣಾರೆ ನೋಡಬೇಕು. ನಿದ್ರಾಜನಕಗಳ ಪ್ರಭಾವವಾಗಲಿ ಮೈ ತಣ್ಣಗಾದುದಾಗಲಿ ಕಾರಣವಲ್ಲವೆಂದು ಖಚಿತಪಡಿಸಿಕೊಂಡು, ಕಣ್ಣಿನ ಪಾಪೆಗೆ ಬೆಳಕು ಹಾಯಿಸಿ, ಕಿವಿಗೆ ಮಂಜಿನಷ್ಟು ತಣ್ಣನೆಯ ನೀರು ಹಾಕಿ ಉಸಿರಾಟವನ್ನು ನಡೆಸುವ ಮಿದುಳು ಕಾಂಡದ ಪ್ರತಿವರ್ತನೆಗಳನ್ನು, ಅಂದರೆ ತಾನಾಗಿ ಆಗುವ ಸ್ಪಂದನೆಗಳನ್ನು, ಒಂದೊಂದಾಗಿ ಪರಿಶೀಲಿಸಿದ ಬಳಿಕ, ಶುದ್ಧ ಆಮ್ಲಜನಕ ತುಂಬಿಸಿ ವೆಂಟಿಲೇಟರನ್ನು ಬೇರ್ಪಡಿಸುತ್ತಾರೆ. ಎಲ್ಲರ ಕಣ್ಣೂ ಬೆತ್ತಲೆ ಎದೆಯ ಮೇಲಿರುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಒತ್ತಡ ಪಾದರಸದ ಸುಮಾರು 40 ಮಿಲಿಮೀಟರಿನಿಂದ 60ಕ್ಕೆ ಏರಿದರೂ, ಬದುಕಿದ ಯಾರನ್ನೇ ಆದರೂ ಏದುಸಿರಿಗೆ ದೂಡುವ ಆ ಮಟ್ಟದಲ್ಲೂ, ಎದೆ ಅಲುಗದು. ಆ ಎಂಟು–ಹತ್ತು ನಿಮಿಷಗಳ ನಿಶ್ಚಲತೆ ಕಲಿಸುವಷ್ಟನ್ನು ಯಾವ ಸ್ಲೈಡೂ ಕಲಿಸಲಾರದು. ಬೆನ್ನುಹುರಿಯ ಪ್ರತಿವರ್ತನೆಯಿಂದ ಮೃತರ ಕೈ ಒಮ್ಮೊಮ್ಮೆ ಮೇಲೇಳಬಹುದೆಂಬುದನ್ನೂ ಮುಂಚೆಯೇ ತಿಳಿಸಿರಬೇಕು.

ಇನ್ನು ಮಾತಿನ ವಿಚಾರ. ‘ಮಿದುಳು ನಿಷ್ಕ್ರಿಯ’ ಎಂಬ ನಮ್ಮ ರೂಢಿಯ ಪದ ನನಗಂತೂ ಒಪ್ಪಿಗೆಯಿಲ್ಲ. ನಿಷ್ಕ್ರಿಯವಾದದ್ದು ಮತ್ತೆ ಸಕ್ರಿಯವಾಗಬಹುದಲ್ಲವೇ ಎಂದು ಮನೆಯವರು ಕೇಳಿದರೆ ತಪ್ಪು ಅವರದಲ್ಲ. ‘ಯಂತ್ರದ ನೆರವಿನಿಂದ ಬದುಕಿದ್ದಾರೆ’ ಎಂದರಂತೂ ಮುಂದಿನ ಮಾತೆಲ್ಲ ಅಡಿಮೇಲಾಗುತ್ತದೆ. ಸಾವಿನ ಸುದ್ದಿಯನ್ನು ‘ತೀರಿಕೊಂಡಿದ್ದಾರೆ’ ಎಂದೇ ತಿಳಿಸಿ, ಅದು ಮನಸ್ಸಿಗೆ ಇಳಿಯಲು ಬಿಟ್ಟು, ದಾನದ ಪ್ರಸ್ತಾಪವನ್ನು ಬೇರೆಯಾಗಿ, ಅದಕ್ಕೆಂದೇ ತರಬೇತಾದವರ ಮೂಲಕ ಮಾಡುವುದು ಲೇಸು. ಸಾವನ್ನು ದೃಢಪಡಿಸುವವರು ಕಸಿ ತಂಡದವರಾಗಿರಬಾರದೆಂಬ ನಿಯಮವನ್ನೂ ಮನೆಯವರಿಗೆ ಬಿಡಿಸಿ ಹೇಳಬೇಕು, ಏಕೆಂದರೆ ಅಂಗಗಳಿಗಾಗಿಯೇ ಸಾವು ಘೋಷಿಸಿದರೇ ಎಂಬ ಶಂಕೆ ಅವರ ಮೌನದ ಹಿಂದೆ ಇರಬಹುದು.

ಕೊನೆಗೆ ಮರಣಪತ್ರ. ಅದರಲ್ಲಿ ಬರೆಯಬೇಕಾದದ್ದು ಪರೀಕ್ಷೆಗಳಿಂದ ಸಾವು ದೃಢಪಟ್ಟ ಹೊತ್ತನ್ನು, ಗಂಟೆಗಳ ಬಳಿಕ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಹೃದಯ ನಿಲ್ಲುವ ಹೊತ್ತನ್ನಲ್ಲ. ಮಾನಿಟರಿನಲ್ಲಿ ಬಡಿತ ಕಾಣುತ್ತಿರುವಾಗಲೇ ಗಡಿಯಾರ ನೋಡಿ ಆ ಸಮಯವನ್ನು ಬರೆಯುವಾಗ ವಿದ್ಯಾರ್ಥಿಯ ಪೆನ್ನು ತಡೆದರೆ, ಅಧ್ಯಾಪಕರು ಪಾಠವನ್ನು ಅಲ್ಲಿಂದಲೇ ಮತ್ತೆ ಎತ್ತಿಕೊಳ್ಳಬೇಕು.