ಕಂಪನಿಯ ಹಂಗಿಲ್ಲದ ಬ್ಯಾಂಡುಗಳು ಬೇಗ ನಿಂತುಹೋಗುವುದೇಕೆ?

ಎರಡು ಸಿಂಗಲ್ (ಒಂದೆರಡು ಹಾಡಿನ ರೆಕಾರ್ಡ್), ಒಂದು ಇ.ಪಿ. (ನಾಲ್ಕೈದು ಹಾಡಿನ ಕಿರು ರೆಕಾರ್ಡ್), ಒಂದಷ್ಟು ಕಾರ್ಯಕ್ರಮ, ಆಮೇಲೆ ಸದ್ದಿಲ್ಲ. ರೆಕಾರ್ಡ್ ಕಂಪನಿಯ ಒಪ್ಪಂದವಿಲ್ಲದೆ ಸ್ವಂತ ಹಾಡು ಕಟ್ಟುವ ಪಾಪ್ ಬ್ಯಾಂಡುಗಳಲ್ಲಿ ಹೆಚ್ಚಿನವುಗಳ ಚರಿತ್ರೆ ಇಷ್ಟೇ. ಪ್ರತಿಭೆ ಸಾಲಲಿಲ್ಲ, ತಮ್ಮತಮ್ಮಲ್ಲೇ ಜಗಳವಾಡಿಕೊಂಡರು ಎಂದು ಜನ ಮಾತು ಮುಗಿಸುತ್ತಾರೆ. ಇದು ಅನ್ಯಾಯದ ತೀರ್ಪು. ಹಳೆಯ ಖರ್ಚಿನ ಲೆಕ್ಕಗಳನ್ನು ನೋಡಿದರೆ ಕಾರಣ ಬೇರೆಯೇ ಕಾಣುತ್ತದೆ. ಹಾಡು ರೆಕಾರ್ಡ್ ಮಾಡುವುದು ದಶಕದಿಂದ ದಶಕಕ್ಕೆ ಅಗ್ಗವಾಗುತ್ತ ಬಂತು. ರೆಕಾರ್ಡ್ ಆದ ಮೇಲಿನ ಕೆಲಸ ಮಾತ್ರ ಯಾವತ್ತೂ ಅಗ್ಗವಾಗಲಿಲ್ಲ. ಕಂಪನಿಯಲ್ಲಿ ಆ ಕೆಲಸಕ್ಕೆ ಸಂಬಳದ ಜನರಿರುತ್ತಾರೆ. ಇಲ್ಲಿ ಅದು ತಂಡದ ನಾಲ್ವರಲ್ಲಿ ಯಾರೋ ಒಬ್ಬರ ಹೆಗಲಿಗೆ ಬೀಳುತ್ತದೆ.

ಈ ಕಥೆಯ ಸ್ಪಷ್ಟ ಆರಂಭ ಸಿಗುವುದು ಬ್ರಿಟನ್ನಿನಲ್ಲಿ. ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡ 1976ರ ಡಿಸೆಂಬರ್ ಕೊನೆಯಲ್ಲಿ ಒಂದೇ ದಿನ ಸ್ಟುಡಿಯೋ ಹಿಡಿದು ನಾಲ್ಕು ಹಾಡು ರೆಕಾರ್ಡ್ ಮಾಡಿತು. ಆಪ್ತರಿಂದ ಸುಮಾರು 500 ಪೌಂಡ್ ಸಾಲ ತಂದು, ನ್ಯೂ ಹಾರ್ಮೋನ್ಸ್ ಎಂದು ತಾವೇ ಹೆಸರಿಟ್ಟುಕೊಂಡ ಲೇಬಲ್ಲಿನಲ್ಲಿ (ರೆಕಾರ್ಡ್ ಹೊರತರುವ ಸಂಸ್ಥೆ) 1977ರ ಜನವರಿಯಲ್ಲಿ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಇ.ಪಿ. ಹೊರತಂದರು. ಮೊದಲ ಮುದ್ರಣ 1000 ಪ್ರತಿ. ಯಾವ ಹಾಡು ಎಷ್ಟನೇ ಸಲ ಹಾಡಿದ ಟೇಕ್, ಮೇಲೆ ಏನೇನು ಸೇರಿಸಿದೆ ಎಂಬುದನ್ನೂ ಹೊದಿಕೆಯ ಮೇಲೆ ಬರೆದರು. ರೆಕಾರ್ಡ್ ಅಂಗಡಿಗೆ ಬಂದ ಕೆಲವೇ ವಾರಗಳಲ್ಲಿ ಗಾಯಕ ಹಾವರ್ಡ್ ಡಿವೋಟೋ ತಂಡ ಬಿಟ್ಟರು. ಉಳಿದವರು ಅದೇ ವರ್ಷ ದೊಡ್ಡ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕಿದರು. ಸ್ವತಂತ್ರ ಸಂಗೀತದ ಮೈಲಿಗಲ್ಲು ಎನಿಸಿಕೊಂಡ ತಂಡವೂ ಆ ರೂಪದಲ್ಲಿ ಒಂದು ವರ್ಷ ತುಂಬಿಸಲಿಲ್ಲ!

ಅದೇ ವರ್ಷ ಲಂಡನ್ನಿನ ಡೆಸ್ಪರೇಟ್ ಬೈಸಿಕಲ್ಸ್ ತಮ್ಮ ಮೊದಲ ಸಿಂಗಲ್ಲನ್ನು 153 ಪೌಂಡಿನಲ್ಲಿ ಮುಗಿಸಿತು. ಖರ್ಚು ಉಳಿಸಲು ಎರಡೂ ಬದಿಗೆ ಅವೇ ಎರಡು ಹಾಡು ಹಾಕಿದರು. ಮೊದಲ ಸಿಂಗಲ್ಲಿನ ಲಾಭವೇ ಎರಡನೆಯದರ ಬಂಡವಾಳವಾಯಿತು.

ಎಲ್ಲಕ್ಕಿಂತ ಬೆಲೆಬಾಳುವ ದಾಖಲೆ ಸ್ಕ್ರಿಟ್ಟಿ ಪೊಲಿಟ್ಟಿ ಎಂಬ ಬ್ರಿಟಿಷ್ ತಂಡದ 1978ರ ಮೊದಲ ಸಿಂಗಲ್. ಅದರ ಹೊದಿಕೆಯ ಮೇಲೆ ಇಡೀ ಖರ್ಚಿನ ಪಟ್ಟಿ ಇದೆ: 14 ಗಂಟೆ ಸ್ಟುಡಿಯೋಗೆ ಟೇಪೂ ಸೇರಿ 98 ಪೌಂಡ್, ಅಚ್ಚಿಗೆ ಮೂಲವಾದ ಲ್ಯಾಕರ್ (ಅರಗಿನಂಥ ಲೇಪದ) ತಟ್ಟೆ ಕೊರೆಯಲು 40, ಅದಕ್ಕೆ ಲೋಹದ ಲೇಪನ ಕೊಡಲು 27, 2500 ಪ್ರತಿ ಒತ್ತಲು 369.36, ತಟ್ಟೆಯ ನಡುವಿನ ಕಾಗದದ ಲೇಬಲ್ಲಿಗೆ ರಬ್ಬರ್ ಮುದ್ರೆ ಮಾಡಿಸಲು 8. ಕೂಡಿದರೆ 542.36 ಪೌಂಡ್. ಹಾಡು ರೆಕಾರ್ಡ್ ಮಾಡಿದ ಖರ್ಚು ಅದರಲ್ಲಿ ಐದನೆಯ ಒಂದು ಭಾಗವೂ ಇಲ್ಲ. ಸ್ಟುಡಿಯೋ ದುಬಾರಿ ಎಂದು ಎಲ್ಲರೂ ಗೊಣಗುತ್ತಿದ್ದ ಕಾಲದಲ್ಲೇ ನಿಜವಾದ ಖರ್ಚು ಕಾರ್ಖಾನೆಯಲ್ಲಿತ್ತು. ಅದೂ ಒಂದು ಪ್ರತಿ ಮಾರುವುದಕ್ಕೆ ಮೊದಲೇ ಕೊಡಬೇಕಾದ ಹಣ.

ಕಾರ್ಖಾನೆಯ ಹಂತದಲ್ಲಿ ಏನೇನು ಕೆಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕೈಯಲ್ಲಿದ್ದ ಹಣ ಮುಗಿಯುವುದು ಇಲ್ಲಿಯೇ. ಲ್ಯಾಕರ್ ತಟ್ಟೆಯ ಮೇಲೆ ಗೀರು ಕೊರೆದು, ಬೆಳ್ಳಿ ಸಿಂಪಡಿಸಿ, ನಿಕ್ಕಲ್ ಬೆಳೆಸಿ ಒತ್ತುವ ಅಚ್ಚು ತೆಗೆಯುತ್ತಾರೆ. ಒಂದು ಅಚ್ಚು ಸಾವಿರದಷ್ಟು ಪ್ರತಿ ಒತ್ತಿದರೆ ಸವೆಯುತ್ತದೆ. ಏಳು ಅಂಗುಲದ ತಟ್ಟೆ ನಿಮಿಷಕ್ಕೆ 45 ಸುತ್ತು ತಿರುಗುವಾಗ ಒಂದು ಬದಿಗೆ ನಾಲ್ಕು, ನಾಲ್ಕೂವರೆ ನಿಮಿಷ ಹಿತವಾಗಿ ಹಿಡಿಯುತ್ತದೆ. ಹಾಡು ಇನ್ನೂ ಉದ್ದವಾದರೆ ಗೀರುಗಳನ್ನು ಹತ್ತಿರ ಹತ್ತಿರ ಕೊರೆಯಬೇಕು, ಆಗ ಸದ್ದು ತಗ್ಗುತ್ತದೆ. ಬೇಸ್ ಗಿಟಾರನ್ನು ಎಡ ಬಲಕ್ಕೆ ಹರಡಿ ಮಿಕ್ಸ್ ಮಾಡಿದ್ದರೆ (ಎಲ್ಲ ವಾದ್ಯಗಳ ಸದ್ದನ್ನು ಹದವಾಗಿ ಬೆರೆಸುವುದೇ ಮಿಕ್ಸ್) ಗೀರಿನ ಆಳ ಏರುಪೇರಾಗಿ ಮುಳ್ಳು ಜಿಗಿಯುತ್ತದೆ. ಆದ್ದರಿಂದ ತಳಸ್ವರವೆಲ್ಲ ನಟ್ಟನಡುವೆ ಇರಬೇಕು. ಒಳಸುತ್ತಿಗೆ ಬಂದಂತೆ ‘ಸ’, ‘ಶ’ ಸದ್ದುಗಳು ಒಡೆದು ಕೇಳಿಸುತ್ತವೆ. ಇವೆಲ್ಲ ಪರೀಕ್ಷಾ ಪ್ರತಿಯಲ್ಲೇ ಗೊತ್ತಾಗುತ್ತವೆ. ಹೊಸ ತಂಡ ಅದನ್ನು ಒಂದೇ ಪ್ಲೇಯರಿನಲ್ಲಿ ಕೇಳಿ ಒಪ್ಪಿಗೆ ಕೊಟ್ಟುಬಿಡುತ್ತದೆ. ಕನಿಷ್ಠ ಎರಡು ಬೇರೆ ಪ್ಲೇಯರುಗಳಲ್ಲಿ, ಅದರಲ್ಲೊಂದು ಅಗ್ಗದ್ದಾಗಿರುವಂತೆ, ಕೊನೆಯ ಗೀರಿನವರೆಗೂ ಕೇಳಬೇಕು. ತಪ್ಪು ಮಿಕ್ಸಿನಲ್ಲಿದ್ದರೆ ಮತ್ತೆ ಲ್ಯಾಕರಿನಿಂದ ಶುರು, ಆ ಖರ್ಚೂ ತಂಡದ್ದೇ.

ಒತ್ತಿದ ಪ್ರತಿಗಳನ್ನು ಅಂಗಡಿಗೆ ಮುಟ್ಟಿಸಲು ಲಂಡನ್ನಿನ ರಫ್ ಟ್ರೇಡ್ ಅಂಗಡಿ ಮತ್ತು ಪ್ರಾದೇಶಿಕ ವಿತರಕರು ಸೇರಿ ‘ಕಾರ್ಟೆಲ್’ ಎಂಬ ಜಾಲ ಕಟ್ಟಿದರು. 1980ರ ಜನವರಿಯಿಂದ ಸ್ವತಂತ್ರ ರೆಕಾರ್ಡುಗಳಿಗೆ ಪ್ರತ್ಯೇಕ ಮಾರಾಟ ಪಟ್ಟಿಯೂ ಶುರುವಾಯಿತು. ವ್ಯವಸ್ಥೆ ನಿಜಕ್ಕೂ ಉದಾರವಾಗಿತ್ತು. ಆದರೆ ರೆಕಾರ್ಡ್ ಇಂದು ಕೊಟ್ಟರೆ ದುಡ್ಡು ತಿಂಗಳುಗಳ ಮೇಲೆ ಬರುತ್ತಿತ್ತು, ಮಾರಾಟವಾಗದ ಪ್ರತಿಗಳು ವಾಪಸು ಬರುತ್ತಿದ್ದವು. ಮೊದಲ ಸಿಂಗಲ್ ಚೆನ್ನಾಗಿ ಹೋದಾಗಲೇ ಕಷ್ಟ ಹೆಚ್ಚು: ಮರುಮುದ್ರಣಕ್ಕೆ ಹಣ ಈಗ ಬೇಕು, ಮಾರಿದ್ದರ ಹಣ ಇನ್ನೂ ಬಂದಿಲ್ಲ. 1991ರಲ್ಲಿ ರಫ್ ಟ್ರೇಡಿನ ವಿತರಣಾ ವಿಭಾಗ ಕುಸಿದಾಗ ಅನೇಕ ಪುಟ್ಟ ಲೇಬಲ್ಲುಗಳ ಬಾಕಿ ಅಲ್ಲೇ ಸಿಕ್ಕಿಕೊಂಡಿತು.

ಈ ನಡುವೆ 1979ರಲ್ಲಿ ಟಿಯಾಕ್ ಕಂಪನಿಯ ಪೋರ್ಟಾಸ್ಟುಡಿಯೋ ಬಂದು, ಸಾಧಾರಣ ಕ್ಯಾಸೆಟ್ಟಿನಲ್ಲಿ ನಾಲ್ಕು ಟ್ರ್ಯಾಕ್ (ಬೇರೆ ಬೇರೆಯಾಗಿ ಹಿಡಿದ ಸದ್ದಿನ ಪಟ್ಟಿಗಳು) ರೆಕಾರ್ಡ್ ಮಾಡುವುದು ಮನೆಯಲ್ಲೇ ಸಾಧ್ಯವಾಯಿತು. ಟೇಪು ಇಮ್ಮಡಿ ವೇಗದಲ್ಲಿ ಒಂದೇ ದಿಕ್ಕಿಗೆ ಓಡುವುದರಿಂದ 60 ನಿಮಿಷದ ಕ್ಯಾಸೆಟ್ಟಿನಲ್ಲಿ 15 ನಿಮಿಷ ಮಾತ್ರ ಸಿಗುತ್ತಿತ್ತು. ಮೂರು ಟ್ರ್ಯಾಕನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸಿ ಜಾಗ ಮಾಡಿಕೊಳ್ಳಬಹುದಿತ್ತು. ಪ್ರತಿ ಬಾರಿ ಇಳಿಸಿದಾಗಲೂ ಟೇಪಿನ ಸುಯ್ ಸದ್ದು ಏರುತ್ತದೆ, ಸಿಂಬಲ್‌ನ ಹೊಳಪು ಹೋಗುತ್ತದೆ. ಹಾಗಾಗಿ ಡ್ರಮ್ಸ್, ಬೇಸನ್ನು ಮೊದಲು ಇಳಿಸಿ, ಹಾಡುಗಾರಿಕೆಯನ್ನು ಕೊನೆಯವರೆಗೆ ಪ್ರತ್ಯೇಕ ಟ್ರ್ಯಾಕಿನಲ್ಲಿ ಉಳಿಸಿಕೊಳ್ಳುವುದು ಜಾಣತನ.

ಅಂತರ್ಜಾಲ ಬಂದಾಗ ಕಾರ್ಖಾನೆಯೂ ಲಾರಿಯೂ ಬೇಡವಾದವು. ಬ್ರಿಟನ್ನಿನ ಮಾರಾಟ ಪಟ್ಟಿಯ ನಿಯಮ ಸಡಿಲವಾಗಿ ಡೌನ್‌ಲೋಡುಗಳನ್ನಷ್ಟೇ ಎಣಿಸಿದರೂ ಸಾಕೆಂದಾದ 2007ರ ಜನವರಿಯಲ್ಲಿ ಕೂಪಾ ಎಂಬ ತಂಡ 31ನೇ ಸ್ಥಾನಕ್ಕೆ ಬಂತು. ಒಪ್ಪಂದವಿಲ್ಲದ ಬ್ಯಾಂಡೊಂದು ಮೊದಲ ನಲವತ್ತರೊಳಗೆ ಬಂದದ್ದು ಅದೇ ಮೊದಲು. ಬಾಗಿಲು ತೆರೆದದ್ದು ಎಲ್ಲರಿಗೂ. ಆದ್ದರಿಂದ ಹಾಡನ್ನು ಜನ ಕೇಳುವಂತೆ ಮಾಡುವುದೇ ಈಗ ದೊಡ್ಡ ಕೆಲಸವಾಯಿತು. ಸ್ಪಾಟಿಫೈನಲ್ಲಿ 2024ರಿಂದ, ಹಿಂದಿನ 12 ತಿಂಗಳಲ್ಲಿ 1000 ಬಾರಿ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗಿನ ಗೌರವಧನವೇ ಇಲ್ಲ. ಹೊಸ ಹಾಡನ್ನು ಅಲ್ಲಿನ ಸಂಪಾದಕರ ಪ್ಲೇಲಿಸ್ಟಿಗೆ ಸೂಚಿಸಬೇಕಾದರೆ ಬಿಡುಗಡೆಗೆ ಕನಿಷ್ಠ ಏಳು ದಿನ ಮೊದಲು ಕಳಿಸಬೇಕು. ಹಾಡನ್ನು ಇಂಥ ತಾಣಗಳಿಗೆ ತಲುಪಿಸುವ ವಿತರಕರ ಕಡೆಯ ವಿಳಂಬವನ್ನೂ ಸೇರಿಸಿದರೆ ನಾಲ್ಕು ವಾರ ಇಟ್ಟುಕೊಳ್ಳುವುದು ಕ್ಷೇಮ. ಹಾಡು ಮುಗಿದ ಸಂಭ್ರಮದಲ್ಲಿ ಎರಡೇ ದಿನಕ್ಕೆ ಬಿಡುಗಡೆ ಮಾಡಿ ಈ ಅವಕಾಶ ಕಳೆದುಕೊಂಡವರು ಬಹಳ.

ಹೀಗೆ ಹೊದಿಕೆಯ ಚಿತ್ರ ತಯಾರಿಸುವುದು, ಪತ್ರ ಬರೆಯುವುದು, ಕಾರ್ಯಕ್ರಮ ಗೊತ್ತುಮಾಡುವುದು, ಲೆಕ್ಕ ಇಡುವುದು ಎಲ್ಲ ಒಬ್ಬರ ಪಾಲಿಗೆ ಬಂದು, ಆದಾಯ ಮಾತ್ರ ನಾಲ್ಕು ಸಮಪಾಲಾದಾಗ ಅಸಮಾಧಾನ ಹುಟ್ಟುತ್ತದೆ. ಹೊರಗಿನವರಿಗೆ ಜಗಳವಾಗಿ ಕಾಣುವುದು ಇದೇ. ಇದಕ್ಕೆ ಒಂದು ಪುಟದ ಬರಹ ಸಾಕು, ಆದರೆ ಅದು ಮೊದಲ ಹಾಡು ಬಿಡುಗಡೆಯಾಗುವ ಮೊದಲೇ ಆಗಬೇಕು. ಹಾಡು ಕಟ್ಟಿದವರ ಹಕ್ಕು ಬೇರೆ, ಆ ರೆಕಾರ್ಡಿಂಗಿನ ಹಕ್ಕು ಬೇರೆ. ಎರಡಕ್ಕೂ ಪ್ರತಿ ಹಾಡಿಗೆ ಶೇಕಡಾವಾರು ಬರೆದು ಎಲ್ಲರೂ ಸಹಿ ಹಾಕಬೇಕು. ಯಾರಾದರೂ ಬಿಟ್ಟರೆ ಹೆಸರು ಯಾರದು, ಕೈಯಿಂದ ಹಾಕಿದ ಹಣ ಯಾವ ಕ್ರಮದಲ್ಲಿ ವಾಪಸು ಎಂಬುದೂ ಅಲ್ಲೇ ಇರಲಿ. ಕೆಲಸ ಹೊತ್ತವರಿಗೆ ಮೊದಲೇ ಒಂದು ಪಾಲು ತೆಗೆದಿಟ್ಟು ಉಳಿದದ್ದನ್ನು ಹಂಚುವುದು ನ್ಯಾಯ.

ತಂಡ ನಿಂತ ಮೇಲೂ ಹಾಡು ಉಳಿಯುತ್ತದೆ ಎಂದು ನಂಬಿದವರಿಗೆ ಮೈಸ್ಪೇಸ್ ಎಂಬ ಜಾಲತಾಣ ದೊಡ್ಡ ಆಘಾತ ಕೊಟ್ಟಿತು. 2003ರಿಂದ 2015ರವರೆಗೆ ಅಲ್ಲಿಗೆ ಏರಿಸಿದ್ದ ಸಂಗೀತ ಸರ್ವರ್ ಬದಲಾವಣೆಯಲ್ಲಿ ಅಳಿಸಿಹೋಯಿತೆಂದು 2019ರಲ್ಲಿ ತಿಳಿದುಬಂತು. ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಸಂಗ್ರಹ ಸುಮಾರು 4,90,000 ಹಾಡುಗಳನ್ನು ಮರಳಿ ಒದಗಿಸಿತು. ಕಳೆದುಹೋದದ್ದರಲ್ಲಿ ಅದು ತೀರ ಸಣ್ಣ ಭಾಗ. ಅತ್ತ 1977ರ ‘ಸ್ಪೈರಲ್ ಸ್ಕ್ರ್ಯಾಚ್’ನ ಆ ಸಾವಿರ ಪ್ರತಿಗಳಲ್ಲಿ ಉಳಿದವು ಇಂದಿಗೂ ಹಾಡುತ್ತವೆ.

ಆದ್ದರಿಂದ ತಂಡ ಮುಗಿಸುವ ತಿಂಗಳಲ್ಲಿ ಮಾಡಲೇಬೇಕಾದ ಕೆಲಸಗಳಿವೆ. ಪ್ರತಿ ಟ್ರ್ಯಾಕನ್ನೂ ಹಾಡಿನ ಮೊದಲ ಕ್ಷಣದಿಂದಲೇ ಶುರುವಾಗುವ 24 ಬಿಟ್ ವೇವ್ ಫೈಲಾಗಿ (ಸದ್ದನ್ನು ಕುಗ್ಗಿಸದ ಫೈಲು) ತೆಗೆದಿಡಬೇಕು. ರೆಕಾರ್ಡಿಂಗ್ ತಂತ್ರಾಂಶದ ಪ್ರಾಜೆಕ್ಟ್ ಫೈಲನ್ನಷ್ಟೇ ಇಟ್ಟರೆ ಅದರ ಪ್ಲಗಿನ್ (ಜೋಡಣಾ ತಂತ್ರಾಂಶ) ಬದಲಾದ ದಿನ ಸರಿಯಾಗಿ ತೆರೆಯದಿರಬಹುದು. ಹಾಡಿನ ವೇಗವನ್ನು ಫೈಲಿನ ಹೆಸರಲ್ಲೇ ಬರೆಯಬೇಕು. ಮೂರು ಪ್ರತಿ, ಇಬ್ಬರ ಮನೆ. ವಾರ್ಷಿಕ ಶುಲ್ಕದ ವಿತರಕರಾದರೆ ಹಣ ನಿಂತ ವರ್ಷ ಹಾಡುಗಳು ಇಳಿದುಹೋಗಬಹುದು, ಖಾತೆಯ ಕೀಲಿಪದ ಇಬ್ಬರಿಗಾದರೂ ಗೊತ್ತಿರಬೇಕು. ಮುಂದೆ ವಿತರಕರನ್ನು ಬದಲಿಸುವುದಾದರೆ ಪ್ರತಿ ರೆಕಾರ್ಡಿಂಗಿನ 12 ಅಕ್ಷರ-ಅಂಕಿಗಳ ಐ.ಎಸ್.ಆರ್.ಸಿ. ಸಂಕೇತವನ್ನು (ಆ ರೆಕಾರ್ಡಿಂಗಿನ ಗುರುತು ಸಂಖ್ಯೆ) ಹಾಗೇ ಕೊಂಡೊಯ್ಯಬೇಕು. ಹೊಸ ಸಂಕೇತ ಕೊಟ್ಟರೆ ಹಾಡು ಹೊಸದೆಂದೇ ಲೆಕ್ಕವಾಗಿ, ಹಿಂದಿನ ಕೇಳುಗರ ಎಣಿಕೆ ಶೂನ್ಯಕ್ಕೆ ಬರುತ್ತದೆ.