ಕೈಯಲ್ಲಿ ಒಂದು ಕಿಲೋ ಉಕ್ಕು

ನಮ್ಮ ಗಡಹಿಂಗ್ಲಜ ಕಡೆಯ ಜನಕ್ಕೆ ಕೈಯಲ್ಲಿ ಎತ್ತಿ ತೂಕ ಹೇಳುವ ಅಭ್ಯಾಸ ಇದೆ. ಮೆಣಸಿನಕಾಯಿ ಚೀಲ ಆಗಲಿ, ಬೆಲ್ಲದ ಅಚ್ಚಾಗಲಿ, ಒಮ್ಮೆ ಎತ್ತಿ ನೋಡ್ತಾರೆ, ಇಷ್ಟು ಅಂತಾರೆ. ತಕ್ಕಡಿ ಆಮೇಲೆ ಬರುತ್ತದೆ. ನಾನು ಕೊಲ್ಹಾಪುರದ ಗೋಕುಳ ಶಿರಗಾಂವ್ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲೇಥು, ಮಿಲ್ಲಿಂಗು ಮಶೀನುಗಳ ನಡುವೆ ಕೆಲಸ ಮಾಡುವವನು. ನನಗೂ ಅದೇ ಅಭ್ಯಾಸ. ಹಾಗಾಗಿ ಅಳಿಯ ಫೋನ್ ಮಾಡಿ, "ಮಾಮಾ, ಗುರಿ ಹೊಡೆಯೋದು ಕಲೀತಿದ್ದೀನಿ, ಪೂರ್ತಿ ಲೋಹದ ದೊಡ್ಡ ಪಿಸ್ತೂಲೇ ತಗೋಬೇಕು ಅಂತ ಆಸೆ, ಯಾವುದು ತಗೊಳ್ಳಲಿ?" ಅಂದಾಗ ನನ್ನ ಮನಸ್ಸು ಮೊದಲು ಹೋಗಿದ್ದು ತೂಕದ ಕಡೆಗೇ.

ಅವನು ಇರುವುದು ಚೆಕ್ ದೇಶದ ಬ್ರನೋದಲ್ಲಿ. ಅಲ್ಲಿ ಪರೀಕ್ಷೆ ಬರೆದು, ವೈದ್ಯರ ಸರ್ಟಿಫಿಕೇಟ್ ಕೊಟ್ಟರೆ ಆಟಕ್ಕಾಗಿ ಪಿಸ್ತೂಲು ಇಟ್ಟುಕೊಳ್ಳಲು ಲೈಸೆನ್ಸ್ ಸಿಗುತ್ತದೆ. ಬ್ರನೋ ಹೆಸರು ನಮ್ಮವರಿಗೆ ತೀರ ಹೊಸದಲ್ಲ. ಶಿರೋಳ ತಾಲ್ಲೂಕಿನ ಸೈನಿಕ ಟಾಕಳಿಯಂಥ ಊರುಗಳ ಹಿರಿಯ ಸೈನಿಕರು ಬ್ರೆನ್ ಗನ್ ಎಂಬ ಮಶೀನ್ ಗನ್ನಿನ ಹೆಸರನ್ನು ಚೆನ್ನಾಗಿ ಬಲ್ಲರು. ಆ 'ಬ್ರೆನ್' ಅನ್ನೋ ಹೆಸರೇ ಬ್ರನೋ ಮತ್ತು ಇಂಗ್ಲೆಂಡಿನ ಎನ್‌ಫೀಲ್ಡ್ ಎರಡೂ ಸೇರಿ ಆದದ್ದು.

ಪ್ರತಿ ವರ್ಷ ಬ್ರನೋದಲ್ಲಿ ದೊಡ್ಡ ಎಂಜಿನಿಯರಿಂಗ್ ಮೇಳ ನಡೆಯುತ್ತದೆ. ಅದಕ್ಕೆಂದು ಹೋದಾಗ ಅಳಿಯ ನನ್ನನ್ನು ಗುರಿ ಹೊಡೆಯುವ ಒಂದು ರೇಂಜಿಗೆ ಕರೆದುಕೊಂಡು ಹೋದ. ತರಬೇತುದಾರರು ಪಕ್ಕದಲ್ಲೇ ನಿಂತಿದ್ದರು. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ. ಮೇಜಿನ ಮೇಲೆ ಎರಡು ಪಿಸ್ತೂಲು ಇಟ್ಟರು. ಒಂದು ಗ್ಲಾಕ್ 17. ಆಸ್ಟ್ರಿಯಾದ ಸೇನೆ 1982ರಲ್ಲಿ ಆರಿಸಿಕೊಂಡದ್ದು, ಅದರ ಮೈ ಪ್ಲಾಸ್ಟಿಕ್ಕು. ಇನ್ನೊಂದು ಸೀಝೆಡ್ 75. ಇದನ್ನು ಕೌಟ್ಸ್ಕಿ ಸಹೋದರರು 1975ರಲ್ಲಿ ರೂಪಿಸಿದರು. ಬ್ರನೋದಿಂದ ಬಹಳ ದೂರ ಅಲ್ಲದ ಉಹೆರ್ಸ್ಕಿ ಬ್ರೋದ್‌ನಲ್ಲಿ ತಯಾರಾಗುತ್ತದೆ. ಮೈಯೆಲ್ಲ ಉಕ್ಕು. ಎರಡಕ್ಕೂ 9 ಮಿಲಿಮೀಟರಿನ ಒಂದೇ ಥರದ ಗುಂಡು.

ಮೊದಲು ಗ್ಲಾಕಿನಿಂದ ಐದು ಗುಂಡು ಹೊಡೆದೆ, ಆಮೇಲೆ ಸೀಝೆಡ್‌ನಿಂದ ಐದು. ಗ್ಲಾಕ್ ಕೈಯಲ್ಲಿ ಚಟ್ಟನೆ ಹಾರುತ್ತಿತ್ತು. ಸೀಝೆಡ್ ಹಿಂದಕ್ಕೆ ದಬ್ಬಿ, ಮತ್ತೆ ತಾನೇ ಬಂದು ಜಾಗದಲ್ಲಿ ಕೂತುಕೊಳ್ಳುತ್ತಿತ್ತು. ಗುಂಡು ಒಂದೇ, ಮದ್ದು ಒಂದೇ. ಹಾಗಿದ್ರೆ ಕೈಗೆ ಇಷ್ಟು ವ್ಯತ್ಯಾಸ ಯಾಕೆ?

ಲೆಕ್ಕ ಸುಲಭ ಇದೆ. ಗುಂಡಿನ ತೂಕ ಸುಮಾರು 8 ಗ್ರಾಂ. ಅದು ಸೆಕೆಂಡಿಗೆ ಹೆಚ್ಚುಕಡಿಮೆ 350 ಮೀಟರ್ ವೇಗದಲ್ಲಿ ಹೊರಡುತ್ತದೆ. ಜೊತೆಗೆ ಉರಿದ ಮದ್ದಿನ ಗಾಳಿ ಇನ್ನೂ ಜೋರಾಗಿ ನುಗ್ಗುತ್ತದೆ. ಮುಂದಕ್ಕೆ ಎಷ್ಟು ನೂಕು ಹೋಯಿತೋ ಹಿಂದಕ್ಕೂ ಅಷ್ಟೇ ಬರಬೇಕು. ಅದನ್ನೇ ನಾವು ಶಾಲೆಯಲ್ಲಿ ಸಂವೇಗ ಅಂತ ಓದಿದ್ದು, ತೂಕ ಗುಣಿಸು ವೇಗ. ತೂಕ ಕಿಲೋದಲ್ಲಿ, ವೇಗ ಸೆಕೆಂಡಿಗೆ ಮೀಟರಿನಲ್ಲಿ ಹಿಡಿದರೆ ಇಲ್ಲಿ ಅದು ಸುಮಾರು 3. ಯಾವ ಪಿಸ್ತೂಲು ಹಿಡಿದರೂ ಈ 3 ನಿಮ್ಮ ಕೈಗೆ ಬಂದೇ ಬರುತ್ತದೆ. ಉಕ್ಕು ಅದನ್ನು ನುಂಗಿಬಿಡುತ್ತದೆ ಅನ್ನುವುದು ತಪ್ಪು.

ಆದರೆ ಆ 3 ಯಾವ ರೂಪದಲ್ಲಿ ಬರುತ್ತದೆ ಅನ್ನುವುದು ಬೇರೆ ಮಾತು. ಖಾಲಿ ಮ್ಯಾಗಝಿನ್ (ಗುಂಡು ತುಂಬುವ ಡಬ್ಬಿ) ಸೇರಿ ಗ್ಲಾಕ್ ಸುಮಾರು 700 ಗ್ರಾಂ. 3ನ್ನು 0.7ರಿಂದ ಭಾಗಿಸಿದರೆ ಸೆಕೆಂಡಿಗೆ 4.3 ಮೀಟರ್ ವೇಗ. ಸೀಝೆಡ್ 75 ಸುಮಾರು ಒಂದು ಕಿಲೋ, ಅದಕ್ಕೆ 3 ಮೀಟರ್. ಇದನ್ನು ಬೆಲ್ಲದ ಲೆಕ್ಕದಲ್ಲಿ ಹೇಳುತ್ತೇನೆ. 700 ಗ್ರಾಂ ಬೆಲ್ಲದ ಉಂಡೆಯನ್ನು ಯಾರೋ ಮೂರು ಅಡಿ ಮೇಲಿಂದ ನಿಮ್ಮ ಅಂಗೈಗೆ ಬಿಟ್ಟರು ಅಂದುಕೊಳ್ಳಿ. ಅದು ಗ್ಲಾಕ್. ಒಂದು ಕಿಲೋ ಅಚ್ಚನ್ನು ಒಂದೂವರೆ ಅಡಿಯಿಂದ ಬಿಟ್ಟರು ಅಂದರೆ ಅದು ಸೀಝೆಡ್. ಹಗುರದ್ದೇ ಜಾಸ್ತಿ ಚುರುಕಾಗಿ ಬಡಿಯುತ್ತದೆ, ಅಲ್ವಾ? ಕೈಗೆ ಬರುವ ಶಕ್ತಿ 6.4 ಜೂಲ್‌ನಿಂದ 4.5 ಜೂಲ್‌ಗೆ ಇಳಿಯಿತು. ಸೀಝೆಡ್‌ನವರೇ ಸ್ಪರ್ಧೆಗೆಂದು ಮಾಡಿದ ಶ್ಯಾಡೋ 2 ಸುಮಾರು 1.33 ಕಿಲೋ ತೂಗುತ್ತದೆ. ಅದರಲ್ಲಿ 3.4 ಜೂಲ್.

ನಿಜವಾದ ಪಿಸ್ತೂಲಿನಲ್ಲಿ ಇದು ಒಂದೇ ಹೊಡೆತದಲ್ಲಿ ಬರುವುದಿಲ್ಲ. ಮೇಲಿನ ಸ್ಲೈಡ್ ಮೊದಲು ಹಿಂದೆ ಓಡುತ್ತದೆ, ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ, ಕೊನೆಗೆ ಸ್ಲೈಡ್ ಬಂದು ಫ್ರೇಮಿಗೆ ಗುದ್ದುತ್ತದೆ. ಆ ಗುದ್ದಿನ ಹೊತ್ತಿಗೆ ಫ್ರೇಮ್ ಭಾರ ಇದ್ದಷ್ಟೂ ಒಳ್ಳೆಯದು. ಎರಡೂ ಪಿಸ್ತೂಲುಗಳ ಸ್ಲೈಡು ಉಕ್ಕಿನದೇ. ವ್ಯತ್ಯಾಸ ಇರುವುದು ಕೈಯಲ್ಲಿ ಹಿಡಿಯುವ ಫ್ರೇಮಿನಲ್ಲಿ.

ಇಲ್ಲಿ ಒಂದು ವಿಚಾರ ನನಗೆ ತುಂಬ ಮುಖ್ಯ ಅನ್ನಿಸಿತು. ಗುಂಡು ನಳಿಗೆ ಬಿಡಲು ತೆಗೆದುಕೊಳ್ಳುವ ಹೊತ್ತು ಸುಮಾರು ಅರ್ಧ ಮಿಲಿಸೆಕೆಂಡ್. ಅಷ್ಟರಲ್ಲಿ ಸ್ಲೈಡ್ ಹಿಂದೆ ಸರಿದಿರುವುದು ಒಂದೆರಡು ಮಿಲಿಮೀಟರ್ ಮಾತ್ರ. ನಮ್ಮ ಮೆದುಳಿಗೆ ಏನಾದರೂ ಗೊತ್ತಾಗಿ ಕೈ ಪ್ರತಿಕ್ರಿಯೆ ತೋರಿಸಲು ಅದರ ನೂರಾರು ಪಟ್ಟು ಹೊತ್ತು ಬೇಕು. ಅಂದರೆ ಕೈಗೆ ಏಟು ತಿಳಿಯುವ ಮೊದಲೇ ಗುಂಡು ಹೋಗಿ ಆಗಿರುತ್ತದೆ. ಹಾಗಾದರೆ ಈ ಗುಂಡಿನ ಏಟು ಈ ಗುಂಡಿನ ಗುರಿಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಕೆಡಿಸುವುದು ಮುಂದಿನ ಗುಂಡಿನ ಗುರಿಯನ್ನು. ಒಮ್ಮೆ ಚಟ್ಟನೆ ಬಡಿಸಿಕೊಂಡ ಕೈ ಎರಡನೇ ಸಲ ಟ್ರಿಗರ್ ಒತ್ತುವ ಮುಂಚೆಯೇ ಬಿಗಿಯಾಗುತ್ತದೆ, ಮೂತಿ ಕೆಳಗೆ ಬಾಗುತ್ತದೆ. ಇಂಜೆಕ್ಷನ್ ಸೂಜಿ ನೋಡಿದ ಮಗುವಿನ ತೋಳಿನ ಹಾಗೆ. ಹೊಸಬರ ಗುಂಡುಗಳು ಕೆಳಗೆ ಬೀಳುವುದಕ್ಕೆ ಬಹಳ ಸಲ ಇದೇ ಕಾರಣ. ಲೋಹದ ಭಾರ ಮಾಡುವ ದೊಡ್ಡ ಉಪಕಾರ ಇದು: ಕೈಯ ಹೆದರಿಕೆ ಕಳೆಯುತ್ತದೆ.

ಭಾರಕ್ಕೆ ಇನ್ನೊಂದು ಕೆಲಸವೂ ಇದೆ. ಎಷ್ಟೇ ಗಟ್ಟಿಗನ ಕೈ ಆದರೂ ಸುಮ್ನೆ ಚಾಚಿ ಹಿಡಿದರೆ ಸಣ್ಣಗೆ ನಡುಗುತ್ತದೆ, ಸೆಕೆಂಡಿಗೆ 8ರಿಂದ 12 ಸಲ. ಅದು ರೋಗ ಅಲ್ಲ, ಎಲ್ಲರಿಗೂ ಇರುವುದೇ. ಈ ನಡುಕ ಪಿಸ್ತೂಲನ್ನು ತಿರುಗಿಸದಂತೆ ನೋಡಿಕೊಳ್ಳಬೇಕು. ಹೊಲದಿಂದ ಒಂದು ಉದ್ದನೆಯ ಕಬ್ಬು ತನ್ನಿ. ನಡುವೆ ಹಿಡಿದು ಗಿರಗಿರನೆ ಆಕಡೆ ಈಕಡೆ ತಿರುಗಿಸಲು ನೋಡಿ. ಆಮೇಲೆ ಅದನ್ನೇ ನಾಲ್ಕು ತುಂಡು ಮಾಡಿ, ಕಟ್ಟಿ, ಅದೇ ಥರ ತಿರುಗಿಸಿ. ತೂಕ ಅಷ್ಟೇ, ಆದರೆ ಈಗ ಎಷ್ಟು ಸಲೀಸಾಗಿ ತಿರುಗುತ್ತದೆ! ತೂಕ ಕೈಯಿಂದ ದೂರ ಇದ್ದಷ್ಟೂ ತಿರುಗಲು ಒಪ್ಪುವುದಿಲ್ಲ. ಅದಕ್ಕೇ ಗುರಿಯಾಟದ ಪಿಸ್ತೂಲುಗಳಲ್ಲಿ ನಳಿಗೆಯ ಕೆಳಗೆ ಮೂತಿಯ ಕಡೆಗೆ ಲೋಹ ಹೆಚ್ಚು ಬಿಟ್ಟಿರುತ್ತಾರೆ. ಶ್ಯಾಡೋ 2 ಹಿಡಿದರೆ ಮೂತಿ ಭಾರ ಅನ್ನಿಸುವುದು ಅದಕ್ಕೆ.

ತಿರುಗುವುದು ಯಾಕೆ ಅಷ್ಟು ಕೆಟ್ಟದ್ದು ಅಂತ ಕೇಳಬಹುದು. ಕೈ ಪೂರ್ತಿ 5 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ 5 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ, ಅಷ್ಟೇ. ಆದರೆ ಗುರಿ ನೋಡಲು ಸ್ಲೈಡಿನ ಮೇಲಿರುವ ಮುಂದಿನ ಮತ್ತು ಹಿಂದಿನ ಸೈಟುಗಳ ಸಾಲು ತಪ್ಪಿದರೆ ತಪ್ಪು ದೂರ ಹೋದಂತೆ ಬೆಳೆಯುತ್ತದೆ. ಸೀಝೆಡ್ 75ರಲ್ಲಿ ಎರಡು ಸೈಟುಗಳ ನಡುವೆ ಸುಮಾರು 160 ಮಿಲಿಮೀಟರ್ ಅಂತರ. 25 ಮೀಟರ್ ದೂರದಲ್ಲಿ ತಪ್ಪು 156 ಪಟ್ಟು ಆಗುತ್ತದೆ. ಒಲಿಂಪಿಕ್ಸಿನ 25 ಮೀಟರ್ ನಿಖರ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 50 ಮಿಲಿಮೀಟರ್. ನಿಮ್ಮ ಮುಂದಿನ ಸೈಟು ಎರಡು ಹಾಳೆ ಕಾಗದದ ದಪ್ಪದಷ್ಟು, ಅಂದರೆ 0.2 ಮಿಲಿಮೀಟರ್, ಪಕ್ಕಕ್ಕೆ ಹೋದರೆ ಗುಂಡು 31 ಮಿಲಿಮೀಟರ್ ಪಕ್ಕಕ್ಕೆ. ಹತ್ತು ಹೋಯಿತು. ನಾವು ಲೇಥಿನಲ್ಲಿ ಮೈಕ್ರೋಮೀಟರ್ ಹಿಡಿದು ಹುಡುಕುವ ಅಳತೆ ಇದು. ಪಾಕೆಟ್ ಸೈಜಿನ ಪಿಸ್ತೂಲಿನಲ್ಲಿ ಸೈಟುಗಳು ಇನ್ನೂ ಹತ್ತಿರ ಇರುತ್ತವೆ, ತಪ್ಪು ಇನ್ನೂ ದೊಡ್ಡದಾಗುತ್ತದೆ. ಗುರಿಯಾಟಕ್ಕೆ ಪೂರ್ತಿ ಸೈಜಿನದೇ ತಗೋ ಅಂತ ಅಳಿಯನಿಗೆ ಹೇಳಿದ್ದು ಈ ಲೆಕ್ಕದಿಂದ.

ಇನ್ನು ಟ್ರಿಗರ್. ಇದನ್ನು ಅಂಗಡಿಯಲ್ಲಿ ಯಾರೂ ಈ ಥರ ಹೇಳಿಕೊಡುವುದಿಲ್ಲ, ಆದರೆ ನನ್ನ ಪ್ರಕಾರ ಆಯ್ಕೆಯ ಜೀವಾಳ ಇಲ್ಲೇ ಇದೆ: ಟ್ರಿಗರ್ ಒತ್ತಲು ಬೇಕಾದ ಬಲವನ್ನು ಪಿಸ್ತೂಲಿನ ತೂಕದ ಪಕ್ಕ ಇಟ್ಟು ನೋಡಿ. ಗ್ಲಾಕಿನ ಟ್ರಿಗರ್ ಸುಮಾರು 2.5 ಕಿಲೋ. ಪಿಸ್ತೂಲು 700 ಗ್ರಾಂ. ಅಂದರೆ ವಸ್ತುವಿನ ತೂಕದ ಮೂರೂವರೆ ಪಟ್ಟು ಬಲವನ್ನು ಒಂದು ಬೆರಳಿನಿಂದ ಹಾಕಬೇಕು, ಆದರೂ ಅದು ಅಲುಗಬಾರದು. ಹ್ಯಾಮರ್ (ಹಿಂಬದಿಯ ಬಡಿಯುವ ಸುತ್ತಿಗೆ) ಎಳೆದಿಟ್ಟ ಸೀಝೆಡ್‌ನಲ್ಲಿ ಈ ಪಟ್ಟು ಸುಮಾರು ಎರಡಕ್ಕೆ ಇಳಿಯುತ್ತದೆ. ಒಲಿಂಪಿಕ್ಸಿನ 25 ಮೀಟರ್ ಸ್ಪರ್ಧೆಯ ನಿಯಮ ನೋಡಿ. ಪಿಸ್ತೂಲು ಹೆಚ್ಚೆಂದರೆ 1400 ಗ್ರಾಂ, ಟ್ರಿಗರ್ ಕಡಿಮೆ ಎಂದರೆ 1000 ಗ್ರಾಂ. ಅಲ್ಲಿ ಪಿಸ್ತೂಲೇ ಟ್ರಿಗರಿಗಿಂತ ಭಾರ ಇರಬಹುದು. ಪರೀಕ್ಷೆ ಮಾಡುವ ರೀತಿಯೂ ಚೆಂದ: ನಳಿಗೆ ನೇರ ಮೇಲೆ ಮಾಡಿ, ಟ್ರಿಗರಿಗೆ ಒಂದು ಕಿಲೋ ಬಟ್ಟು ನೇತುಹಾಕಿ ಎತ್ತುತ್ತಾರೆ. ಟ್ರಿಗರ್ ಬಿಡದೆ ಬಟ್ಟು ಮೇಲೆ ಬಂದರೆ ಪಾಸ್.

ಲೋಹ ಅಂದ ಮಾತ್ರಕ್ಕೆ ಉಕ್ಕೇ ಆಗಬೇಕಿಲ್ಲ. ಬೆರೆಟಾ 92, ಸಿಗ್ ಪಿ226 ಇವುಗಳ ಫ್ರೇಮು ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದು ಉಕ್ಕಿನ ಮೂರನೇ ಒಂದರಷ್ಟು ತೂಕ, ಗಡಸುತನವೂ ಉಕ್ಕಿಗಿಂತ ಕಡಿಮೆ. ಮೇಲೆ ಅನೋಡೈಸ್ ಮಾಡಿದ ಗಟ್ಟಿ ಪೊರೆ ಇರುತ್ತದೆ. ಸ್ಲೈಡ್ ಓಡುವ ಹಳಿಗಳಲ್ಲಿ ಆ ಪೊರೆ ಸವೆದು ಬೆಳ್ಳಗೆ ಕಂಡರೆ ಎಣ್ಣೆ ಕಡಿಮೆಯಾಗಿದೆಯಾ ನೋಡಬೇಕು. ಉಕ್ಕಿಗೆ ಒಂದು ಮಿತಿಯೊಳಗಿನ ಹೊಡೆತ ಎಷ್ಟು ಲಕ್ಷ ಸಲ ಬಿದ್ದರೂ ತಡೆದುಕೊಳ್ಳುವ ಗುಣ ಇದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಹೊಡೆತವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಹಾಗಂತ ಹೆದರಬೇಕಿಲ್ಲ, ವಾರಕ್ಕೊಮ್ಮೆ ಹೊಡೆಯುವವನಿಗೆ ಒಳ್ಳೆಯ ಅಲ್ಯೂಮಿನಿಯಂ ಫ್ರೇಮು ಬಹಳ ಕಾಲ ಬಾಳುತ್ತದೆ. ದಿನವಿಡೀ ಸೊಂಟಕ್ಕೆ ಕಟ್ಟಿ ಓಡಾಡುವ ಪೊಲೀಸರಿಗೆ ಪ್ಲಾಸ್ಟಿಕ್ಕೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಗುರಿಯಾಟಕ್ಕೆ ಮಾತ್ರ ನನ್ನ ಓಟು ಉಕ್ಕಿಗೆ. ಲೇಥಿನ ಬೆಡ್ಡನ್ನು ಯಾಕೆ ಅಷ್ಟು ಭಾರದ ಬೀಡುಕಬ್ಬಿಣದಲ್ಲಿ ಎರಕ ಹೊಯ್ಯುತ್ತಾರೆ ಅಂತ ಶಿರೋಲಿಯ ಫೌಂಡ್ರಿಯ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಭಾರ ಇದ್ದರೆ ನಡುಗಲ್ಲ.

ಆದರೂ ಭಾರ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಸೀದಾ ಹೇಳಿಬಿಟ್ಟರೆ ತಪ್ಪಾಗುತ್ತದೆ. ಒಂದು ಲೀಟರ್ ನೀರಿನ ಬಾಟಲಿ ತುಂಬಿ ತೋಳು ಚಾಚಿ ಹಿಡಿಯಿರಿ. ಮೂವತ್ತು ಎಣಿಸುವಷ್ಟರಲ್ಲಿ ಭುಜ ಮಾತಾಡುತ್ತದೆ. ದಣಿದ ಸ್ನಾಯು ನಡುಗುವುದು ಬೇರೆಯೇ ಥರ, ದೊಡ್ಡದಾಗಿ, ನಿಧಾನವಾಗಿ. ಎರಡೂ ಕೈಯಲ್ಲಿ ಹಿಡಿಯುವವರಿಗೆ 1.3 ಕಿಲೋ ಆದೀತು. ಒಂದೇ ಕೈಯಲ್ಲಿ ಹೊಡೆಯುವ ಹೊಸಬರಿಗೆ ಒಂದು ಕಿಲೋ ಹತ್ತಿರವೇ ಸಾಕು.

ಎಲ್ಲಕ್ಕಿಂತ ಮೊದಲು ಹಿಡಿಕೆ ಕೈಗೆ ಕೂರಬೇಕು. ಹೆಬ್ಬೆರಳು ತೋರುಬೆರಳಿನ ನಡುವಿನ ಗುಳಿ ಹಿಂಬದಿಯಲ್ಲಿ ಎಷ್ಟು ಮೇಲೆ ಹೋಗುತ್ತದೋ ಅಷ್ಟು ನಳಿಗೆ ಕೈಗೆ ಹತ್ತಿರ ಆಗುತ್ತದೆ, ಮೂತಿ ಎಗರುವುದು ಕಡಿಮೆ. ಸೀಝೆಡ್‌ನಲ್ಲಿ ಸ್ಲೈಡು ಫ್ರೇಮಿನ ಒಳಗೆ ಓಡುವುದರಿಂದ ಇದಕ್ಕೆ ಅನುಕೂಲ ಇದೆ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಟ್ರಿಗರ್ ಮೇಲೆ ಸಲೀಸಾಗಿ ಕೂರಬೇಕು. ಅಳಿಯನ ಕೈ ಚಿಕ್ಕದು. ಹ್ಯಾಮರ್ ಇಳಿದಿದ್ದಾಗ ಸೀಝೆಡ್‌ನ ಟ್ರಿಗರ್ ಅವನ ಬೆರಳಿಗೆ ದೂರ ಆಗುತ್ತಿತ್ತು, ಎಳೆದಿಟ್ಟಾಗ ಸರಿ ಹೋಗುತ್ತಿತ್ತು. ಪಕ್ಕದ ಮರದ ಹಲಗೆಗಳನ್ನು ಸ್ಕ್ರೂ ಬಿಚ್ಚಿ ತೆಗೆದು, ತೆಳ್ಳಗಿನ ಅಲ್ಯೂಮಿನಿಯಂ ಹಲಗೆ ಹಾಕಿಸಿದ ಮೇಲೆ ಹಿಡಿತ ಪೂರ್ತಿ ಬಂತು.

ನಮ್ಮಲ್ಲಿ ಇದೆಲ್ಲ ಬೇರೆ. 9 ಮಿಲಿಮೀಟರ್ ನಮ್ಮ ಕಾನೂನಿನಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯರಿಗೆ ಸಿಗುವುದಲ್ಲ. ಗಡಹಿಂಗ್ಲಜದಲ್ಲೋ ಜತ್ತಿನಲ್ಲೋ ಕೂತು ಓದುವ ಹುಡುಗ ಹುಡುಗಿಯರಿಗೆ ದಾರಿ ಅಂದರೆ ರೈಫಲ್ ಕ್ಲಬ್ಬಿನ ರೇಂಜ್, 10 ಮೀಟರಿನ ಏರ್ ಪಿಸ್ತೂಲು, ಆಮೇಲೆ .22 ಬೋರಿನ ಪಿಸ್ತೂಲು. ಲೆಕ್ಕ ಅಲ್ಲಿಯೂ ಇದೇ. .22 ಗುಂಡು 2.6 ಗ್ರಾಂ, ಅದರ ನೂಕು 9 ಮಿಲಿಮೀಟರಿನ ಕಾಲು ಭಾಗ. ಕಿಲೋ ಮೀರಿದ ಲೋಹದ ಪಿಸ್ತೂಲಿನಲ್ಲಿ ಅದು ಕೈಗೆ ತಟ್ಟಿದಂತೆ ಮಾತ್ರ ಆಗುತ್ತದೆ, ಹೆದರಿಕೆ ಹುಟ್ಟುವುದೇ ಇಲ್ಲ. ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ. ನಮ್ಮ ಕೊಲ್ಹಾಪುರದ ರಾಹಿ ಸರ್ನೋಬತ್ 2018ರ ಏಷ್ಯನ್ ಗೇಮ್ಸ್‌ನಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದದ್ದು ಈ .22ರಲ್ಲೇ. ಏಷ್ಯನ್ ಗೇಮ್ಸ್ ಶೂಟಿಂಗ್‌ನಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಆ ದಿನ ಶಾಪಿನಲ್ಲಿ ಮಶೀನು ನಿಲ್ಲಿಸಿ ಪೇಢೆ ಹಂಚಿದ್ದು ನನಗೆ ಇನ್ನೂ ನೆನಪಿದೆ.

ಅಳಿಯ ಕೊನೆಗೆ ಸೀಝೆಡ್ 75 ತಗೊಂಡ. ನಾನು ಅವನಿಗೆ ಒಂದು ಅಭ್ಯಾಸ ಹೇಳಿದ್ದೆ. ಪಿಸ್ತೂಲು ಖಾಲಿ ಇದೆಯಾ ಅಂತ ಎರಡು ಸಲ ನೋಡು, ಗುಂಡುಗಳನ್ನು ಬೇರೆ ಕೋಣೆಯಲ್ಲಿಡು, ಹ್ಯಾಮರ್ ಎಳೆ, ಮುಂದಿನ ಸೈಟಿನ ಹಿಂದೆ ಸ್ಲೈಡಿನ ಮೇಲೆ ಒಂದು ನಾಣ್ಯ ಇಡು, ಗೋಡೆಯ ಕಡೆ ಹಿಡಿದು ಟ್ರಿಗರ್ ಒತ್ತು. ನಾಣ್ಯ ಬೀಳಬಾರದು. ಮೊನ್ನೆ ವಿಡಿಯೋ ಕಾಲ್ ಮಾಡಿ ತೋರಿಸಿದ. ಇಲ್ಲಿಂದ ಹೋಗುವಾಗ ಜೇಬಿನಲ್ಲಿ ಉಳಿದಿದ್ದ ನಮ್ಮ ಒಂದು ರೂಪಾಯಿ ನಾಣ್ಯವನ್ನೇ ಇಟ್ಟಿದ್ದ. ಮೊದಲ ಏಳು ಸಲ ನಿಂತಿತು. ಎಂಟನೆಯದಕ್ಕೆ ಬಿದ್ದು ಮಂಚದ ಕೆಳಗೆ ಉರುಳಿತು, ಅವನು ಫೋನ್ ಹಿಡಿದುಕೊಂಡೇ ಹುಡುಕತೊಡಗಿದ.